ಹಾರುವ ಬಂಡಿಗೆ ಸಿಕ್ಕ ವಿಮರ್ಶೆ

ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ತಗಡಿನ ಕಹಳೆ ಬಿದ್ದುಕೊಂಡಿದೆ. ಊದುವ ಕಹಳೆಯಲ್ಲ, ಹಳೆಯ ಗ್ರಾಮಫೋನಿಗೆ ದತ್ತೂರಿ ಹೂವಿನಂಥ ಬಾಯಿ ಇರುತ್ತಿತ್ತಲ್ಲ, ಅದು. ಗಾತ್ರ ಮಾತ್ರ ಒಬ್ಬ ಮನುಷ್ಯ ಒಳಗೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡುವಷ್ಟು. ಅಂಚಿನ ಸುತ್ತ ಬಿಳಿ ಬಣ್ಣ ಬಳಿದ ಹಲ್ಲುಗಳಿವೆ. ನಮ್ಮವ್ವ ಅದರಲ್ಲಿ ಉಳ್ಳಾಗಡ್ಡಿ ಸುರುವಿ ಇಟ್ಟಿದ್ದಾಳೆ. ಗಾಳಿ ಆಡುತ್ತದೆ, ಕೊಳೆಯುವುದಿಲ್ಲ ಎಂದು ಅವಳ ಸಮರ್ಥನೆ. ಯಾದಗಿರಿಯ ಬಿಸಿಲಿಗೆ ಹಲ್ಲುಗಳ ಬಣ್ಣ ಸಿಪ್ಪೆ ಎದ್ದಿದೆ. ಮೀಟರು ನೋಡಲು ಬಂದವನು, ನಳ ಸರಿಮಾಡಲು ಬಂದವನು, ಬಾಡಿಗೆಗೆ ಮನೆ ಕೇಳಲು ಬಂದವರು, ಎಲ್ಲರೂ ಅದರ ಮುಂದೆ ಒಂದು ಗಳಿಗೆ ನಿಂತು, ಇದೇನ್ರಿ ಮೇಡಂ ಎಂದು ಕೇಳಿಯೇ ಮುಂದಿನ ಕೆಲಸಕ್ಕೆ ಕೈ ಹಾಕುವುದು. ನಾನು ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿದ್ದೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಅದು ಒಂದು ಸಿನಿಮಾದ ವಿಲನ್ನು.

ಸ್ವಲ್ಪ ನಿಧಾನವಾಗಿ ಕೇಳಬೇಕು. ನೆಟ್ಟಗೆ ಒಂದು ಮಾತು ಹೇಳಿ ಮುಗಿಸುವ ಗುಣ ನನಗಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು ನಾನು. ಬೆಳಕಿನ ವಕ್ರೀಭವನದಿಂದ ಹೊರಟು ನಮ್ಮಜ್ಜಿಯ ಕನ್ನಡಕಕ್ಕೆ ಬಂದು, ಆ ಕನ್ನಡಕವನ್ನು ಮಂಗ ಒಯ್ದ ಕತೆಗೆ ಹೋಗುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಮಕ್ಕಳಿಗೆ ವಕ್ರೀಭವನ ಮರೆತಿದೆ, ಮಂಗ ನೆನಪಿದೆ.

ಸಿದ್ದಣ್ಣ ನನ್ನ ಚಿಕ್ಕಮ್ಮನ ಮಗ. ಗೋಗಿಯ ಕಡೆ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಸಣ್ಣವನಿದ್ದಾಗ ಬಳಿಚಕ್ರದ ನಮ್ಮ ಹಳ್ಳಿಮನೆಗೆ ರಜೆಗೆ ಬಂದರೆ ಒಲೆಯ ಇದ್ದಲಿ ತೆಗೆದುಕೊಂಡು, ಸುಣ್ಣ ಬಳಿದ ಗೋಡೆಯ ಮೇಲೆ ಎತ್ತಿಗೆ ರೆಕ್ಕೆ ಬರೆಯುತ್ತಿದ್ದ. ಒಮ್ಮೆ ನಮ್ಮಪ್ಪ ಕಿವಿ ಹಿಂಡಿ, ಎತ್ತು ಎಲ್ಲಾದರೂ ಹಾರುತ್ತದೇನೋ ಎಂದು ಕೇಳಿದ್ದಕ್ಕೆ, ಹಾರಿಸಿ ನೋಡಿದವರು ಯಾರದಾರ ಎಂದು ತಿರುಗಿ ಕೇಳಿದ್ದ. ಆ ವಯಸ್ಸಿನಲ್ಲಿ ಎಲ್ಲ ಮಕ್ಕಳೂ ಹೀಗೆಯೇ ಇರುತ್ತವೆ, ಬೆಳೆದ ಮೇಲೆ ಸರಿಹೋಗುತ್ತವೆ ಎಂದು ಹಿರಿಯರು ಸಮಾಧಾನ ಮಾಡಿಕೊಂಡರು. ಸಿದ್ದಣ್ಣ ಸರಿಹೋಗಲಿಲ್ಲ. ನಲವತ್ತು ದಾಟಿದ ಮೇಲೆ ಸಿನಿಮಾ ಮಾಡಿದ. ಅದರ ಹೆಸರು 'ಗವಾಯಿಯ ಹಾರುವ ಬಂಡಿ'.

ಹೊನ್ನಯ್ಯ ಗವಾಯಿಗಳ ಹೆಸರು ನೀವು ಕೇಳಿರಲಿಕ್ಕಿಲ್ಲ. ಅದು ನಿಮ್ಮ ತಪ್ಪಲ್ಲ, ಅವರದೇ ತಪ್ಪು. ಸುರಪುರದಲ್ಲಿದ್ದ ಈ ಗವಾಯಿಗಳು ಹಾಡುವವರಷ್ಟೇ ಅಲ್ಲ, ಹಾಡು ಕಟ್ಟುವವರು. ರಾಗಕ್ಕೆ ಕಟ್ಟಿದ ನಾಲ್ಕು ಸಾಲಿನ ಹಾಡಿಗೆ ನಮ್ಮ ಕಡೆ ಚೀಜು ಎನ್ನುತ್ತಾರೆ. ಅಂಥ ಚೀಜುಗಳನ್ನು ಅವರು ಕನ್ನಡದಲ್ಲೂ ದಖ್ಖನಿಯಲ್ಲೂ ರಾಶಿ ರಾಶಿ ಕಟ್ಟಿದರು. ಅವರ ಹರೆಯದಲ್ಲಿ ಗ್ರಾಮಫೋನಿನವರು ಪೆಟ್ಟಿಗೆ ಹೊತ್ತುಕೊಂಡು ಮನೆ ಬಾಗಿಲಿಗೆ ಬಂದರೆ, ತಗಡಿನ ಬಾಯಿಗೆ ನನ್ನ ದನಿ ಹಾಕುವುದಿಲ್ಲ ಎಂದು ಕಳಿಸಿಬಿಟ್ಟರಂತೆ. ಹೀಗಾಗಿ ಅವರು ಹೇಗೆ ಹಾಡುತ್ತಿದ್ದರು ಎಂದು ಕೇಳಿದವರು ಮಾತ್ರ ಬಲ್ಲರು, ಕೇಳಿದವರು ಈಗ ಉಳಿದಿಲ್ಲ. ಉಳಿದವಳು ಒಬ್ಬಳೇ, ಅವರ ಮಗಳು ಶಂಕ್ರಮ್ಮ. ಎಂಬತ್ತು ದಾಟಿದ ಆಕೆಯನ್ನು ಸುರಪುರದಲ್ಲಿ ಎಲ್ಲರೂ ಕರೆಯುವುದು ಆಯಿ ಎಂದು.

ಇಂಥವರ ಮೇಲೆ ಸಿನಿಮಾ ಎಂದರೆ ಏನು ಮಾಡಬೇಕು? ಒಂದು ತಂಬೂರಿ, ಒಂದು ದೀಪ, ಒಂದಿಷ್ಟು ಕಣ್ಣೀರು. ಸಿದ್ದಣ್ಣ ಏನು ಮಾಡಿದ ಎಂದರೆ, ಏಳು ಸ್ವರಗಳನ್ನು ಏಳು ಪೈಲ್ವಾನರನ್ನಾಗಿ ಮಾಡಿ ಗರಡಿ ಮನೆಗೆ ಇಳಿಸಿದ. ಗವಾಯಿ ಅವರ ಜೊತೆ ದಿನಾ ಬೆಳಿಗ್ಗೆ ಕುಸ್ತಿ ಆಡುತ್ತಾನೆ, ಅದೇ ರಿಯಾಜು. ಗ್ರಾಮಫೋನು ಹಲ್ಲಿನ ರಾಕ್ಷಸನಾಗಿ ಊರೂರು ತಿರುಗಿ ಹಾಡುವವರನ್ನು ನುಂಗುತ್ತದೆ. ನಮ್ಮ ಉಳ್ಳಾಗಡ್ಡಿ ಇರುವುದು ಅದರ ಬಾಯಿಯಲ್ಲಿ. ಹೈದರಾಬಾದಿನ ದರ್ಬಾರಿಗೆ ಹೊರಟ ಗವಾಯಿಗೆ ದಾರಿಯಲ್ಲಿ ಭೀಮಾ ನದಿ ತುಂಬಿ ಅಡ್ಡ ಬರುತ್ತದೆ, ತೆಪ್ಪದವರು ಒಲ್ಲೆ ಎನ್ನುತ್ತಾರೆ. ಆಗ ಆತ ಬಂಡಿಯಲ್ಲಿ ಕೂತೇ ಒಂದು ಚೀಜು ಎತ್ತಿಕೊಳ್ಳುತ್ತಾನೆ, ಬಂಡಿ ಎತ್ತುಗಳ ಸಮೇತ ಮೇಲೆದ್ದು ಹಾರುತ್ತದೆ.

ಬಂಡಿ ಹಾರಿಸಿದ್ದು ಜೆಸಿಬಿಯಿಂದ. ಎತ್ತುಗಳು ಒಪ್ಪಲಿಲ್ಲವೆಂದು ರಟ್ಟಿನ ಎತ್ತು ಮಾಡಿದರು. ಜೆಸಿಬಿಯ ಕೈಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಬೇಕಿತ್ತು. ಅಳಿಸಿದ್ದಾರೆ ಕೂಡ, ಆದರೆ ಮೋಡದ ಎಡ ಮೂಲೆಯಲ್ಲಿ ಒಂದು ಹಳದಿ ತುಂಡು ಉಳಿದುಬಿಟ್ಟಿದೆ. ಗವಾಯಿಯ ಪಾತ್ರ ಸಿದ್ದಣ್ಣನದೇ. ಬೇರೆಯವರು ಭಾನುವಾರದ ಶೂಟಿಂಗಿಗೆ ಬರುತ್ತೇನೆಂದು ಹೇಳಿ ಬರುತ್ತಿರಲಿಲ್ಲವಂತೆ, ತಾನಾದರೆ ತಪ್ಪಿಸುವುದಿಲ್ಲ ಎಂದು. ಹೆಂಡತಿ ಮಹಾದೇವಿ ಪೈಲ್ವಾನರ ಲಂಗೋಟಿಯಿಂದ ಹಿಡಿದು ದರ್ಬಾರಿನ ಶೇರ್ವಾನಿಯವರೆಗೆ ಹೊಲಿದಳು. ಹೊಲಿದು ಮುಗಿಸಿ, ಇನ್ನೊಂದು ಸಿನಿಮಾದ ಹೆಸರು ಎತ್ತಿದರೆ ತವರಿಗೆ ಹೋಗುವುದಾಗಿಯೂ ಹೇಳಿದಳು.

ಶಹಾಪುರದ ಒಂದು ಟಾಕೀಸಿನಲ್ಲಿ ಪಿಕ್ಚರು ಬಿಡುಗಡೆಯಾಯಿತು. ಅಲ್ಲಿಂದ ಶುರುವಾಯಿತು ನೋಡಿ ವಿಮರ್ಶೆ.

ವಿಮರ್ಶೆಯ ಬಗ್ಗೆ ಮಾತಾಡಲು ನನಗೆ ಸ್ವಲ್ಪ ಅಧಿಕಾರವಿದೆ. ನಮ್ಮ ಊರಿನ ವಾರಪತ್ರಿಕೆಯೊಂದಕ್ಕೆ ಸಿನಿಮಾ ವಿಮರ್ಶೆ ಬರೆಯುವವಳು ನಾನೇ. ಯೋಗ್ಯತೆ ನೋಡಿ ಕೊಟ್ಟ ಕೆಲಸವಲ್ಲ, ಸಂಪಾದಕರ ಮಗಳು ನನ್ನ ವಿದ್ಯಾರ್ಥಿನಿ. ಊರು ಸಣ್ಣದು, ಹೀರೋನ ಅಭಿಮಾನಿಗಳು ಎದುರು ಮನೆಯಲ್ಲೇ ಇರುತ್ತಾರೆ. ಆದ್ದರಿಂದ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಸಿನಿಮಾ ಚೆನ್ನಾಗಿದ್ದರೆ ಕತೆಯ ಬಗ್ಗೆ ಬರೆಯುತ್ತೇನೆ. ಸುಮಾರಾಗಿದ್ದರೆ ಹಾಡಿನ ಬಗ್ಗೆ. ತೀರಾ ಕೆಟ್ಟಿದ್ದರೆ 'ಛಾಯಾಗ್ರಹಣ ಕಣ್ಣಿಗೆ ತಂಪೆರೆಯುತ್ತದೆ' ಎಂದು ಬರೆದು ಕೈತೊಳೆದುಕೊಳ್ಳುತ್ತೇನೆ. ಈ ಗುಟ್ಟು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಮೊದಲ ಆಟ ನೋಡಿ ಹೊರಗೆ ಬಂದಾಗ ಸಿದ್ದಣ್ಣ ನನ್ನ ಮುಖ ನೋಡದೆ, ಸೈಕಲ್ ಸ್ಟ್ಯಾಂಡಿನ ಕಡೆ ನೋಡುತ್ತ ಹೇಳಿದ:

"ಯಕ್ಕಾ, ಬೇಕಾದ್ರ ಬೈದು ಬರಿ. ಛಾಯಾಗ್ರಹಣ ಛಲೋ ಅದ ಅಂತ ಮಾತ್ರ ಬರಿಬ್ಯಾಡ."

ನಾನು ಏನು ಬರೆಯಲಿ? ಒಳಗೆ ನಕ್ಕಿದ್ದೆ, ಬಾಯಿ ಬಿಟ್ಟು ನೋಡಿದ್ದೆ, ನಡುವೆ ಒಂದು ಚೀಜು ಕೇಳಿ ಕಣ್ಣು ಒರೆಸಿಕೊಂಡಿದ್ದೆ, ಹಳದಿ ತುಂಡು ಕಂಡಾಗ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ. ಇದೆಲ್ಲ ಸೇರಿದರೆ ಒಳ್ಳೆಯ ಸಿನಿಮಾ ಆಗುತ್ತದೋ ಕೆಟ್ಟದ್ದೋ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಮುಂದಿನ ವಾರ ಬರೆಯುತ್ತೇನೆ ಎಂದು ಸಂಪಾದಕರಿಗೆ ನೆಗಡಿಯ ನೆಪ ಹೇಳಿದೆ.

ನಾನು ಬರೆಯದಿದ್ದರೇನು, ಬರೆಯುವವರಿಗೆ ಬರವೇ? ಬೆಂಗಳೂರಿನ ಒಬ್ಬ ವಿಮರ್ಶಕರು ಮೊಬೈಲಿನಲ್ಲೇ ನೋಡುವ ಪತ್ರಿಕೆಯಲ್ಲಿ, ಇದನ್ನು ಯಾವ ನಶೆಯಲ್ಲಿ ತೆಗೆದದ್ದು ಎಂದು ಕೇಳಿದರು. ಸಿದ್ದಣ್ಣ ಚಹಾ ಬಿಟ್ಟರೆ ಏನೂ ಮುಟ್ಟುವುದಿಲ್ಲ. ಕಲಬುರಗಿಯ ಪತ್ರಿಕೆಯೊಂದು 'ಸಿನಿಮಾವೋ, ಜ್ವರದ ಕನಸೋ' ಎಂದು ತಲೆಬರಹ ಕೊಟ್ಟಿತು. ಅದನ್ನು ಓದಿ ಸಿದ್ದಣ್ಣನಿಗೆ ಆಶ್ಚರ್ಯ: ಬಂಡಿಯ ದೃಶ್ಯ ಹೊಳೆದದ್ದು ಟೈಫಾಯ್ಡ್ ಬಂದು ಮಲಗಿದ್ದಾಗಲೇ, ಇದು ಕಲಬುರಗಿಯವರಿಗೆ ಹೇಗೆ ತಿಳಿಯಿತು? ಶಹಾಪುರ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುವವರು ಎರಡು ಪಕ್ಷವಾದರು. ಸಂಗೀತದ ಮಾನ ಕಳೆದ ಎನ್ನುವವರು ಒಂದು ಕಡೆ, ಕುಸ್ತಿಯ ಮಾನ ಕಳೆದ ಎನ್ನುವವರು ಇನ್ನೊಂದು ಕಡೆ. ನಮ್ಮವ್ವ ಅರ್ಧ ಪಿಕ್ಚರು ನಿದ್ದೆ ಮಾಡಿ, ಎದ್ದು, ಬಂಡಿ ಛಲೋ ಇತ್ತು ಎಂದಳು. ಊರ ಬಾಯಿಗೆ ಮುಚ್ಚಳವಿಲ್ಲ ಎಂದು ನಾನು ಸಿದ್ದಣ್ಣನಿಗೆ ಸಮಾಧಾನ ಹೇಳಿದೆ. ಹೆತ್ತವರಿಗೆ ಹೆಗ್ಗಣವೂ ಮುದ್ದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಇಷ್ಟೇ ಆಗಿದ್ದರೆ ಒಂದು ವಾರಕ್ಕೆ ಎಲ್ಲ ತಣ್ಣಗಾಗುತ್ತಿತ್ತು. ಆದರೆ ಗುರುಪಾದಪ್ಪ ವಕೀಲರು ನೋಡಿದರು.

ಗುರುಪಾದಪ್ಪನವರು ಯಾದಗಿರಿಯಲ್ಲಿ ವಕೀಲರು. ಗವಾಯಿಗಳ ಹೆಸರಿನಲ್ಲಿ ಒಂದು ಸಂಗೀತ ಮಂಡಳಿ ಕಟ್ಟಿ, ಪ್ರತಿವರ್ಷ ಪುಣ್ಯತಿಥಿ ಮಾಡುವವರು. ಕಾರ್ಯಕ್ರಮಕ್ಕೆ ಜಮಖಾನೆ ತಾವೇ ಹಾಸುತ್ತಾರೆ, ಕಲಾವಿದರಿಗೆ ತಾವೇ ಬಡಿಸುತ್ತಾರೆ, ಕೊನೆಗೆ ತಾವೂ ಒಂದು ಹಾಡುತ್ತಾರೆ. ಆ ಕೊನೆಯದೊಂದನ್ನು ಬಿಟ್ಟರೆ ಅವರ ಬಗ್ಗೆ ಯಾರೂ ಒಂದು ಮಾತು ಆಡುವಂತಿಲ್ಲ. ಅವರು ನಮ್ಮ ಮನೆಗೆ ಬಂದು, ಚಹಾ ಕುಡಿಯದೆ, ಬಟ್ಟಲನ್ನು ಮುಂದಿಟ್ಟುಕೊಂಡೇ ಮಾತಾಡಿದರು. ಸಿನಿಮಾದಲ್ಲಿ ಒಂದೇ ಒಂದು ಸಂಗತಿ ಅವರಿಗೆ ಒಪ್ಪಿಗೆಯಾಗಿತ್ತು. ಏಳು ಪೈಲ್ವಾನರಲ್ಲಿ ಸಾ ಮತ್ತು ಪಾ ಇಬ್ಬರನ್ನು ಯಾರಿಂದಲೂ ಅಲುಗಾಡಿಸಲು ಆಗುವುದಿಲ್ಲ, ಉಳಿದ ಐವರು ಮಾತ್ರ ಆಚೀಚೆ ಸರಿಯುತ್ತಾರೆ. ಆ ಎರಡು ಸ್ವರಗಳು ಸಂಗೀತದಲ್ಲೂ ಹಾಗೆಯೇ ಅಚಲವಂತೆ. ಬೆಂಗಳೂರು, ಕಲಬುರಗಿಯವರು ಯಾರೂ ಇದನ್ನು ಬರೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಇಷ್ಟು ಮೆಚ್ಚಿಕೊಂಡವರು ಆಮೇಲೆ ದನಿ ಇಳಿಸಿದರು.

"ನಾ ಸಿದ್ದಣ್ಣನ ವೈರಿ ಅಲ್ರಿ ಮೇಡಂ. ಆದ್ರ ಗವಾಯಿಗಳ ದನಿ ಉಳದಿಲ್ಲ. ಉಳದದ್ದು ಅವರ ಮಾನ ಒಂದ. ಅದನ್ನೂ ಜೆಸಿಬಿಗೆ ಕಟ್ಟಿ ಎತ್ತಿದ್ರ ಹ್ಯಾಂಗ್ರಿ?"

ಅವರ ಕಣ್ಣಲ್ಲಿ ನೀರಿತ್ತು. ಕೋರ್ಟಿನಲ್ಲಿ ಬೇಕಾದಾಗ ತರುವ ನೀರಲ್ಲ ಅದು.

ಮಾತು ಬೆಳೆದು, ಸಿದ್ದಣ್ಣನನ್ನೂ ಟಾಕೀಸಿನ ಮಾಲಕರನ್ನೂ ಕೂಡಿಸಿ, ಒಂದು ಒಪ್ಪಂದಕ್ಕೆ ಬಂತು. ಶಂಕ್ರಮ್ಮ ಆಯಿ ಬಂದು ಸಿನಿಮಾ ನೋಡಬೇಕು. ಅಪ್ಪನ ಮಾನ ಹೋಯಿತು ಎಂದು ಆಕೆ ಒಂದು ಮಾತು ಅಂದರೆ ಸಾಕು, ಅವತ್ತೇ ಪಿಕ್ಚರು ತೆಗೆಯುವುದು. ಟಾಕೀಸಿನ ಮಾಲಕರು ತೊಗರಿ ವ್ಯಾಪಾರದವರು, ಭಜನೆಯಲ್ಲಿ ತಾಳ ಹಿಡಿಯುವವರು. ಅವರು ಕೂಡಲೇ ಹೂಂ ಅಂದರು. ಸಿದ್ದಣ್ಣ ಅವರಿಗಿಂತ ಮುಂಚೆ ಹೂಂ ಅಂದ. ಬರೀ ಶಹಾಪುರದಲ್ಲಿ ಅಲ್ಲ, ಎಲ್ಲೂ ತೋರಿಸುವುದಿಲ್ಲ, ಮತ್ತೆಂದೂ ಕ್ಯಾಮೆರಾ ಮುಟ್ಟುವುದಿಲ್ಲ, ಬೋರ್ಡಿನ ಮೇಲೆ ಮಾವಿನಹಣ್ಣು ಬರೆದುಕೊಂಡು ಇರುತ್ತೇನೆ ಎಂದ. ಇವನಿಗೇನು ಹುಚ್ಚೇ ಎಂದು ನನಗೆ ಸಿಟ್ಟು ಬಂತು. ಬೆಂಗಳೂರಿನವರು ಬೈದಾಗ ಮೂಗು ಒರೆಸಿಕೊಂಡು ಸುಮ್ಮನಿದ್ದವನು, ಸಿನಿಮಾ ಟಾಕೀಸಿನ ಒಳಗೇ ಕಾಲಿಡದ ಒಬ್ಬ ಮುದುಕಿಯ ಕೈಗೆ ಇಷ್ಟು ವರ್ಷದ ದುಡಿಮೆಯನ್ನೆಲ್ಲ ಕೊಟ್ಟುಬಿಟ್ಟನಲ್ಲ! ಯಾಕೋ ಹಿಂಗ ಮಾಡಿದಿ ಎಂದು ಕೇಳಿದೆ.

"ಎಲ್ಲಾರೂ ಗವಾಯಿಗಳ ಫೋಟೋಕ್ಕ ಹಾರ ಹಾಕ್ತಾರ ಯಕ್ಕಾ, ಅವರ ಚೀಜ್ ಹಾಡವರು ಯಾರದಾರ? ಹುಡುಗರು ಹಾರೂ ಬಂಡಿ ನೋಡಾಕಂತ ಬರ್ಲಿ, ಬಂದಾಗ ಕಿವಿಗೆ ಚೀಜ್ ಬೀಳ್ತದ ಅಂತ ಮಾಡಿದೆ. ಆದ್ರ ಆಯಿಗೆ ನೋವಾದ್ರ ಮುಗೀತು. ಅಕಿ ನೋವಿನ ಮ್ಯಾಲ ನಾ ಬಂಡಿ ಹ್ಯಾಂಗ ಹಾರಸ್ಲಿ?"

ಮರುದಿನ ವಕೀಲರ ಕಾರಿನಲ್ಲಿ ಆಯಿಯನ್ನು ಕರೆತರಲು ಸುರಪುರಕ್ಕೆ ಹೋದೆವು. ಜೊತೆಗೆ ಒಬ್ಬ ಹೆಣ್ಣುಮಗಳು ಇರಲಿ ಎಂದು ನನ್ನನ್ನೂ ಕರೆದಿದ್ದರು. ಆಯಿ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಮಡಿಲಲ್ಲಿ ಒಂದು ಕೈಚೀಲ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ನೋಡಲು ಇಷ್ಟೇ ಇಷ್ಟು ಜೀವ. ದಾರಿಯುದ್ದಕ್ಕೂ ವಕೀಲರು ಮುಂದಿನ ಸೀಟಿನಿಂದ ಹೊರಳಿ ಹೊರಳಿ ಗವಾಯಿಗಳ ದೊಡ್ಡಸ್ತಿಕೆ ಹೇಳಿದರು. ಋಷಿಯಂಥವರು, ಸರಸ್ವತಿಯ ಮಗ, ಒಂದು ಚೀಜಿಗಾಗಿ ಅನ್ನನೀರು ಬಿಟ್ಟವರು. ಎಲ್ಲದಕ್ಕೂ ಆಯಿ ಹೌದ್ರಿ, ಹೌದ್ರಿ ಎನ್ನುತ್ತಿದ್ದಳು. ಮಗಳಿಗೆ ಅಪ್ಪನ ಬಗ್ಗೆ ಹೇಳುವ ವಕೀಲರು, ಕೇಳುವ ಮಗಳು, ಇದನ್ನು ನೋಡಿ ನನಗೆ ಒಳಗೊಳಗೇ ನಗು. ಆದರೆ ಆಕೆಯ ಮುಖ ನೋಡಿ ಒಳಗೇನಿದೆ ಎಂದು ಹೇಳಲು ದೇವರಿಂದಲೂ ಆಗುತ್ತಿರಲಿಲ್ಲ.

ಆ ಟಾಕೀಸಿಗೆ ನಾನು ಸಣ್ಣಕ್ಕಿದ್ದಾಗ ಅಪ್ಪನ ಜೊತೆ ಬರುತ್ತಿದ್ದೆ. ಆಗ ಹೆಣ್ಣುಮಕ್ಕಳಿಗೂ ಗಂಡಸರಿಗೂ ನಡುವೆ ಒಂದು ಅರೆಗೋಡೆ ಇತ್ತು. ನಾನು ಗೋಡೆಯ ಮೇಲೆ ಗದ್ದ ಇಟ್ಟು ಆ ಕಡೆ ಅಪ್ಪ ಇದ್ದಾನೋ, ನಮ್ಮನ್ನು ಬಿಟ್ಟು ಊರಿಗೆ ಹೋದನೋ ಎಂದು ಪದೇ ಪದೇ ನೋಡುತ್ತಿದ್ದೆ. ಹೀರೋನ ಮುಖಕ್ಕಿಂತ ಹೆಚ್ಚು ಅಪ್ಪನ ರುಮಾಲು ನೋಡಿದ್ದೇ ನೆನಪು. ರೀಲು ಕಡಿದರೆ ಜನ ಸೀಟಿ ಹೊಡೆಯುತ್ತಿದ್ದರು, ಶೇಂಗಾ ಮಾರುವವನು ಒಳಗೆ ಬರುತ್ತಿದ್ದ. ಈಗ ರೀಲೂ ಇಲ್ಲ, ಅರೆಗೋಡೆಯೂ ಇಲ್ಲ, ಖುರ್ಚಿಗಳಿಗೆ ಮೆತ್ತನೆಯ ಹೊದಿಕೆ ಬಂದಿದೆ. ತಿಗಣೆಗಳು ಹಳೆಯವೇ ಇದ್ದಾವು.

ಮಧ್ಯಾಹ್ನದ ಆಟ. ನಡುವಿನ ಸಾಲಿನಲ್ಲಿ ಆಯಿ, ಆಕೆಯ ಒಂದು ಕಡೆ ನಾನು, ಇನ್ನೊಂದು ಕಡೆ ವಕೀಲರು. ಹಿಂದಿನ ಸಾಲಿನಲ್ಲಿ ಮಂಡಳಿಯವರು ಶುಭ್ರ ಧೋತರ ಉಟ್ಟು, ಸಾವಿನ ಮನೆಗೆ ಬಂದವರಂತೆ ಕೂತಿದ್ದರು. ಮುಂದೆ ಕಾಲೇಜು ಹುಡುಗರು ಒಂದಿಷ್ಟು. ಸಿದ್ದಣ್ಣ ಕೂರಲಿಲ್ಲ, ಹಿಂದಿನ ಬಾಗಿಲ ಪರದೆ ಹಿಡಿದು ನಿಂತಿದ್ದ. ನಾನು ಸಿನಿಮಾ ನೋಡಲಿಲ್ಲ, ಆಯಿಯ ಮುಖ ನೋಡಿದೆ. ಪೈಲ್ವಾನರು ಬಂದರು, ಆಯಿ ಅಲುಗಲಿಲ್ಲ. ಗ್ರಾಮಫೋನು ಹಲ್ಲು ಕಿರಿದು ಬಂತು, ಹುಡುಗರು ಸೀಟಿ ಹೊಡೆದರು, ಆಯಿ ರೆಪ್ಪೆ ಬಡಿಯಲಿಲ್ಲ. ಒಂದು ಚೀಜು ಬಂದಾಗ ಮಾತ್ರ ಆಕೆಯ ಬಲಗೈ ತೊಡೆಯ ಮೇಲೆ ತಾಳ ಹಾಕಿತು. ಹಾಡು ಮುಗಿದ ಕೂಡಲೇ ಕೈ ನಿಂತಿತು.

ಆಮೇಲೆ ಭೀಮಾ ನದಿ ಬಂತು. ಬಂಡಿ ಮೇಲೆದ್ದಿತು. ಅದು ಹೊಳೆಯ ನಡುವೆ ಬಂದಾಗ, ಇಷ್ಟು ಹೊತ್ತು ಹಾಡುತ್ತಿದ್ದ ಗವಾಯಿ ಕೆಳಗೆ ನೋಡಿ, ತಾನೇ ನಂಬಲಾರದೆ, ಹೊಟ್ಟೆ ಹಿಡಿದುಕೊಂಡು ನಗತೊಡಗುತ್ತಾನೆ. ಅಷ್ಟರಲ್ಲಿ ಆಯಿ ಎದ್ದು ನಿಂತಳು.

"ನಿಂದರಸ್ರಿ."

ಆ ದನಿ! ಮೈಕು ಬೇಡ, ಕೂಗಿದ್ದೂ ಅಲ್ಲ. ಸಣ್ಣಂದಿನಿಂದ ರಿಯಾಜು ಮಾಡಿದ ಗಂಟಲು, ಎಂಬತ್ತರ ಮೇಲೂ ನೆಟ್ಟಗೆ ಹೋಗಿ ಆಪರೇಟರನ ಕಿಟಕಿಗೆ ತಾಗಿತು. ಅವನು ಹೆದರಿ ಬಟನ್ನು ಒತ್ತಿದ. ಪರದೆಯ ಮೇಲೆ ಬಂಡಿ ಗಾಳಿಯಲ್ಲೇ ನಿಂತುಬಿಟ್ಟಿತು. ಬಾಯ್ತುಂಬ ನಗುವ ಗವಾಯಿ, ಕೆಳಗೆ ಕೆಂಪು ನೀರು, ಎಡ ಮೂಲೆಯಲ್ಲಿ ಜೆಸಿಬಿಯ ಹಳದಿ ತುಂಡು.

ಮುಗಿಯಿತು ಎಂದುಕೊಂಡೆ. ಮಂಡಳಿಯವರು ಎದ್ದು ನಿಂತರು. ವಕೀಲರೂ ಎದ್ದರು, ಆದರೆ ಗೆದ್ದವರ ಮುಖ ಇರಲಿಲ್ಲ ಅವರದು. ಹಿಂದೆ ತಿರುಗಿ ಸಿದ್ದಣ್ಣನನ್ನು ನೋಡುವ ಧೈರ್ಯ ನನಗೆ ಬರಲಿಲ್ಲ. ಆಯಿ ಅವಸರವಿಲ್ಲದೆ ಕೈಚೀಲ ಬಿಚ್ಚಿದಳು. ಒಂದು ಧೋತರ ತೆಗೆದಳು, ಒಂದು ರುಮಾಲು ತೆಗೆದಳು, ಒಂದು ತೆಂಗಿನಕಾಯಿ ತೆಗೆದಳು. ತನ್ನಪ್ಪನಿಗೆ ಆಯೇರ ಮಾಡುವುದಿದೆ ಎಂದಳು.

ದಕ್ಷಿಣದ ಓದುಗರಿಗಾಗಿ ನಾನೂ ಇಲ್ಲಿ ಬಂಡಿ ನಿಲ್ಲಿಸಿ ಎರಡು ಮಾತು ಹೇಳಬೇಕು. ಆಯೇರವೆಂದರೆ ಮದುವೆಯಲ್ಲಿ ಬೀಗರು, ಬಳಗದವರು ಕೊಡುವ ಬಟ್ಟೆಯ ಉಡುಗೊರೆ. ನಮ್ಮ ಕಡೆ ದೊಡ್ಡಾಟವೆಂಬ ಬಯಲಾಟದಲ್ಲಿ ಪಾತ್ರ ಮಾಡುವವರಿಗೂ ಅವರ ನಂಟರು ಆಯೇರ ಮಾಡುತ್ತಾರೆ. ಅದಕ್ಕೆ ಆಟ ಮುಗಿಯಲಿ ಎಂದು ಕಾಯುವ ಪದ್ಧತಿಯಿಲ್ಲ. ಪಾತ್ರ ರಂಗದ ಮೇಲಿರುವಾಗಲೇ, ಆಟ ನಿಲ್ಲಿಸಿ, ಇಂಥ ಊರಿನ ಇಂಥವರು ಇಂಥವರಿಗೆ ಎಂದು ಸಾರಿ ಹೇಳಿ ಹೊದಿಸುವುದು. ಬಳಿಚಕ್ರದಲ್ಲಿ ಒಮ್ಮೆ ನಮ್ಮ ಸೋದರಮಾವ ರಾಕ್ಷಸನ ಪಾತ್ರ ಮಾಡಿ, ಏಟು ತಿಂದು, ಹಲಗೆಯ ಮೇಲೆ ಬಿದ್ದು ಒದ್ದಾಡುತ್ತ ಸಾಯುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿಯ ತವರಿನವರು ಧೋತರ ಹಿಡಿದುಕೊಂಡು ರಂಗ ಏರಿದರು. ಮಾವ ಪಟ್ಟನೆ ಎದ್ದು, ಮೀಸೆ ಸರಿಮಾಡಿಕೊಂಡು, ಹೆಂಡತಿಯ ಅಪ್ಪನ ಕಾಲು ಮುಟ್ಟಿ, ಆಯೇರ ಹೊದ್ದುಕೊಂಡು, ಹಾರ್ಮೋನಿಯಂ ಮಾಸ್ತರನ ಕಡೆ ತಿರುಗಿ ಎಲ್ಲಿತನಕ ಸತ್ತಿದ್ದೆ ಎಂದು ಕೇಳಿ, ಅಲ್ಲಿಂದ ಮುಂದಕ್ಕೆ ಸತ್ತ. ಯಾರೂ ನಗಲಿಲ್ಲ. ಆಯೇರವೆಂದರೆ ತಮಾಷೆಯಲ್ಲ. ಅದನ್ನು ಮಾಡುವವರು ನಂಟರೇ ಆಗಿರಬೇಕು. ಮಾಡಿದ ಮೇಲೆ ಆ ಪಾತ್ರ ಅವರದು, ಅದನ್ನು ಹೀಯಾಳಿಸಿದರೆ ಅವರನ್ನೇ ಹೀಯಾಳಿಸಿದಂತೆ.

ಆದರೆ ಸಿನಿಮಾಕ್ಕೆ ಆಯೇರ ಮಾಡಿದ್ದನ್ನು ನಾನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಟಾಕೀಸಿನ ಮಾಲಕರು ಓಡಿಬಂದು, ಆಯಿ, ಇದು ಪರದೆ, ಇಲ್ಲಿ ಗವಾಯಿ ಇಲ್ಲ ಎಂದು ತಿಳಿಸಿ ಹೇಳಲು ನೋಡಿದರು. ತನ್ನ ಮನೆಯಲ್ಲೂ ಟೀವಿ ಇದೆ, ಅಷ್ಟು ತನಗೂ ತಿಳಿಯುತ್ತದೆ, ಪಾತ್ರ ಮಾಡಿದವನು ಹಿಂದೆ ಬಾಗಿಲ ಪರದೆ ಹಿಡಿದು ನಿಂತಿದ್ದಾನೆ, ಅವನನ್ನು ಕರೆಯಿರಿ ಎಂದಳು ಆಯಿ. ಬಂದಾಗಲೇ ನೋಡಿಬಿಟ್ಟಿದ್ದಳು!

ನಾನೇ ಹೋಗಿ ಸಿದ್ದಣ್ಣನನ್ನು ಕೈಹಿಡಿದು ಕರೆತಂದೆ. ಅವನು ತಾನೇ ನಗುತ್ತಿರುವ ಆ ದೊಡ್ಡ ಚಿತ್ರದ ಕೆಳಗೆ, ಕಂಬದಂತೆ, ತಲೆ ತಗ್ಗಿಸಿಕೊಂಡು ನಿಂತ. ಆಯಿ ನನ್ನ ಭುಜ ಹಿಡಿದು ಮುಂದಕ್ಕೆ ನಡೆದು ಬಂದಳು. ಬಂದವಳು ಹೊದಿಸದೆ ಸುಮ್ಮನೆ ನಿಂತಳು. ನನಗೆ ಆಮೇಲೆ ಹೊಳೆಯಿತು: ಸಾರಿ ಹೇಳುವವರು ಇಲ್ಲದೆ ಆಯೇರ ಹೇಗೆ ಆಗುತ್ತದೆ?

ಗುರುಪಾದಪ್ಪ ವಕೀಲರು ಒಮ್ಮೆ ಕೆಮ್ಮಿದರು. ಹುಟ್ಟಿದಾಗಿನಿಂದ ದೊಡ್ಡಾಟ ನೋಡಿ ಬೆಳೆದ ಮನುಷ್ಯ. ಕಣ್ಣೆದುರಿಗೆ ಪದ್ಧತಿಯೊಂದು ಅರ್ಧಕ್ಕೆ ನಿಂತರೆ ಸಹಿಸಲು ಆಗಲಿಲ್ಲ ಎಂದು ಕಾಣುತ್ತದೆ. ಕೈಕಟ್ಟಿ ನಿಂತು ತುಂಬು ದನಿಯಲ್ಲಿ ಸಾರಿದರು.

"ಸುರಪುರದ ಶಂಕ್ರಮ್ಮ ಆಯಿಯವರು ತಮ್ಮ ತಂದೆಯವರಾದ ಹೊನ್ನಯ್ಯ ಗವಾಯಿಗಳಿಗೆ ಒಂದು ಧೋತರ, ಒಂದು ರುಮಾಲು ಆಯೇರ ಮಾಡ್ಯಾರ."

ಅಂದ ಮೇಲೆಯೇ ಅವರಿಗೆ ತಾವು ಏನು ಅಂದೆವು ಎಂದು ತಿಳಿದದ್ದು. ಜೆಸಿಬಿಗೆ ಕಟ್ಟಿದ ಆ ಮನುಷ್ಯನನ್ನು ತಮ್ಮ ಬಾಯಿಂದಲೇ ಗವಾಯಿಗಳು ಎಂದು ಕರೆದಿದ್ದರು. ಆಯಿ ಸಿದ್ದಣ್ಣನ ತಲೆಗೆ ರುಮಾಲು ಸುತ್ತಿದಳು, ಧೋತರ ಹೊದಿಸಿದಳು, ಕಾಯಿ ಕೈಗೆ ಕೊಟ್ಟಳು. ಸಿದ್ದಣ್ಣ ಬಗ್ಗಿ ಆಕೆಯ ಕಾಲು ಮುಟ್ಟಲು ಹೋದರೆ ತಡೆದಳು. ಅಪ್ಪ ಮಗಳ ಕಾಲು ಮುಟ್ಟಬಾರದಂತೆ. ಅವನು ಅಲ್ಲೇ ಕೂಸಿನಂತೆ ಅತ್ತುಬಿಟ್ಟ. ನಾನೂ ಅತ್ತೆ, ಮುಚ್ಚಿಡುವುದೇನು.

ವಕೀಲರು ಆಯಿಯ ಹತ್ತಿರ ಬಂದರು. ಈಗ ಅವರ ದನಿಯಲ್ಲಿ ವಾದ ಇರಲಿಲ್ಲ, ಅಷ್ಟು ವರ್ಷ ಪೂಜಿಸಿದವರ ಬಗ್ಗೆ ಕೇಳಿ ತಿಳಿಯುವ ಆಸೆ ಅಷ್ಟೇ ಇತ್ತು.

"ಆಯಿ, ಖರೇ ಹೇಳ್ರಿ. ಗವಾಯಿಗಳು ಹಿಂಗ ಇದ್ರೇನು?"

ಆಯಿ ಪರದೆಯ ಕಡೆ ಮುಖ ಎತ್ತಿದಳು. ಆ ಬೆಳಕು ಆಕೆಯ ಮುಖದ ಮೇಲೆಲ್ಲ ಇತ್ತು.

"ಇಲ್ರಿ. ಹಿಂಗ ಇದ್ದಿದ್ದಿಲ್ಲ. ಹಗಲೆಲ್ಲ ಚೀಜು, ಚೀಜು. ತಪ್ಪಿ ಹಾಡಿದ್ರ ಹೊಡತ. ನಮ್ಮವ್ವ ಸತ್ತಾಗೂ ಅಳಲಿಲ್ಲ, ನನ್ನ ಲಗ್ನದಾಗೂ ನಗಲಿಲ್ಲ. ನಮ್ಮಪ್ಪಗ ನಗಾಕ ಬರ್ತದ ಅನ್ನೂದ ನನಗ ಗೊತ್ತಿದ್ದಿಲ್ಲ." ಆಯಿ ಸೆರಗು ಸರಿಮಾಡಿಕೊಂಡು ಆಪರೇಟರನ ಕಿಟಕಿಯ ಕಡೆ ತಿರುಗಿದಳು. "ಮುಂದ ಹಚ್ಚಪ್ಪಾ. ಇನ್ನಾ ಎಷ್ಟೊತ್ತು ನಗ್ತಾನ ನೋಡೂಣು."

ಆಪರೇಟರ್ ಮುಂದೆ ಹಚ್ಚಿದ. ನಾವೆಲ್ಲ ಇದ್ದಲ್ಲೇ ನಿಂತು ನೋಡಿದೆವು. ಹೊನ್ನಯ್ಯ ಗವಾಯಿಗಳು ನಗುನಗುತ್ತ ಭೀಮಾ ನದಿ ದಾಟಿದರು.